ಸಿ. ವಿ. ವಿಶ್ವೇಶ್ವರ: ಕಪ್ಪುಕುಳಿಯ ಗುರುತು ತಿಳಿಸಿದವರು

ಮಕ್ಕಳೇ, ಕಪ್ಪುಕುಳಿಯಿಂದ ಬೆಳಕು ಕೂಡ ಹೊರಬರಲಾರದು. ಹಾಗಿದ್ದ ಮೇಲೆ ಅದು ಇದೆ ಎಂದು ನಂಬುವುದು ಹೇಗೆ? ಈ ಪ್ರಶ್ನೆಗೆ ದಾರಿ ತೋರಿಸಿದವರಲ್ಲಿ 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರೂ ಒಬ್ಬರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆ ಮಾಡಿದ ಅವರು, ಕಪ್ಪುಕುಳಿಯನ್ನು ಕೆಣಕಿದರೆ ಅದು ಹೇಗೆ ವರ್ತಿಸೀತು ಎಂದು ಯೋಚಿಸಿದರು. ಗುರುತ್ವದ ಅಲೆಯೊಂದು ಬಂದು ಅಪ್ಪಳಿಸಿದರೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು: ಬಾರಿಸಿದ ಗಂಟೆಯಂತೆ ಕಪ್ಪುಕುಳಿಯೂ ಕಂಪಿಸಿ, ಗುರುತ್ವದ ಅಲೆಗಳನ್ನು ಹೊರಡಿಸುತ್ತ ಬೇಗನೆ ಸುಮ್ಮನಾಗುತ್ತದೆ. ಆ ಕಂಪನ ಎಷ್ಟು ವೇಗದ್ದು, ಎಷ್ಟು ಹೊತ್ತಿನಲ್ಲಿ ಅಡಗುತ್ತದೆ ಎಂಬುದು ಕುಳಿಯ ದ್ರವ್ಯರಾಶಿ ಮತ್ತು ಅದು ತಿರುಗುವ ರೀತಿಯನ್ನು ಅವಲಂಬಿಸಿದೆ. ಅಂದರೆ ಕಪ್ಪುಕುಳಿಗೂ ಅಳೆಯಬಹುದಾದ ಗುರುತೊಂದು ಸಿಕ್ಕಿತು.

ಏನೂ ಹೊರಬಾರದ ಕಡೆಯಿಂದ ಅಲೆ ಮಾತ್ರ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ಅಲೆ ಕುಳಿಯ ಒಳಗಿನಿಂದ ಬರುವುದಿಲ್ಲ. ಅದರ ಎಲ್ಲೆಯ ಹೊರಗೆ ಬಾಗಿರುವ ಅವಕಾಶವೇ (ಸ್ಪೇಸ್) ಅಲುಗಿ ಅಲೆಯನ್ನು ಹೊರಡಿಸುತ್ತದೆ. ಇದೆಲ್ಲ ಬರೀ ಲೆಕ್ಕವಲ್ಲವೇ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಲೆಕ್ಕವನ್ನು ನಿಸರ್ಗ ಒಪ್ಪಬೇಕು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯುವ ಅಮೆರಿಕದ ಎರಡು ಲೈಗೋ ವೀಕ್ಷಣಾಲಯಗಳು ಒಂದೇ ಅಲೆಯನ್ನು ದಾಖಲಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಸೇರಿ, ಸುಮಾರು 62 ಸೂರ್ಯರಷ್ಟು ದ್ರವ್ಯರಾಶಿಯ ಒಂದೇ ಕುಳಿಯಾಗಿದ್ದವು. ಅಲೆಯ ಕೊನೆಯ ಭಾಗದಲ್ಲಿ ಸೆಕೆಂಡಿಗೆ ಸುಮಾರು 250 ಕಂಪನಗಳಿದ್ದು, ಕೆಲವೇ ಮಿಲಿಸೆಕೆಂಡುಗಳಲ್ಲಿ ಅವು ಅಡಗಿದವು. ಇಷ್ಟು ಚಿಕ್ಕ ಸುಳಿವನ್ನು ನಂಬಬಹುದೇ? ಒಂದೇ ಸುಳಿವಾಗಿದ್ದರೆ ಅನುಮಾನ ಉಳಿಯುತ್ತಿತ್ತು. ಆದರೆ ಕುಳಿಗಳು ಒಂದನ್ನೊಂದು ಸುತ್ತುತ್ತಿದ್ದಾಗ ಬಂದ ಅಲೆಯಿಂದ ಮಾಡಿದ ಲೆಕ್ಕಕ್ಕೂ ಈ ಕೊನೆಯ ಕಂಪನಕ್ಕೂ ತಾಳೆಯಾಯಿತು. ಬೇರೆ ಬೇರೆ ದಾರಿಗಳು ಒಂದೇ ಕಡೆಗೆ ತಲುಪಿದಾಗ ವಿಜ್ಞಾನದ ಮಾತಿಗೆ ಬಲ ಬರುತ್ತದೆ.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ವಿಶ್ವೇಶ್ವರ ಅವರು ಆಕಾಶದ ವಿಜ್ಞಾನವನ್ನು ಮಕ್ಕಳ ಬಳಿಗೂ ತಂದರು. ತಾವು ಲೆಕ್ಕದಲ್ಲಿ ಕಂಡ ಕಂಪನ ಉಪಕರಣದಲ್ಲಿ ದಾಖಲಾದದ್ದನ್ನು ತಿಳಿದ ಮೇಲೆ, 2017ರಲ್ಲಿ ತೀರಿಕೊಂಡರು. ಆ ಲೆಕ್ಕ ಪ್ರಕಟವಾದದ್ದಕ್ಕೂ ಅಲೆ ದಾಖಲಾದದ್ದಕ್ಕೂ ನಡುವೆ 45 ವರ್ಷ ಕಳೆದಿದ್ದವು. ಕಣ್ಣಿಗೆ ಕಾಣದ್ದನ್ನು ಹಾಗೇ ನಂಬಬೇಡಿ, ಹಾಗೇ ತಳ್ಳಿಹಾಕಲೂ ಬೇಡಿ. ಅದು ನಿಜವಾಗಿದ್ದರೆ ಯಾವ ಗುರುತು ಬಿಡಬೇಕು ಎಂದು ಮೊದಲು ಕೇಳಿ, ಆಮೇಲೆ ಆ ಗುರುತನ್ನು ಹುಡುಕಿ. ವಿಶ್ವೇಶ್ವರ ಅವರಿಂದ ನಾವು ಕಲಿಯಬೇಕಾದ ಕ್ರಮ ಇದೇ.