ಕಣ್ಣೀರು ಬತ್ತುವುದೇಕೆ? ಹುಡುಕಿದ ವೈದ್ಯ ಹೆನ್ರಿಕ್ ಶೋಗ್ರೆನ್

ಮಕ್ಕಳೇ, ನೀವು ಅಳದೇ ಇರುವಾಗಲೂ ನಿಮ್ಮ ಕಣ್ಣಿನಲ್ಲಿ ಕಣ್ಣೀರು ಇರುತ್ತದೆ, ಗೊತ್ತೇ? ರೆಪ್ಪೆ ಬಡಿದಾಗಲೆಲ್ಲ ಅದು ತೆಳುವಾದ ಪದರವಾಗಿ ಹರಡಿ ಕಣ್ಣನ್ನು ಕಾಪಾಡುತ್ತದೆ. ಹಾಗೆಯೇ ಬಾಯಿಯಲ್ಲಿ ಜೊಲ್ಲುರಸ ಇಲ್ಲದಿದ್ದರೆ ಒಣರೊಟ್ಟಿಯ ತುಣುಕನ್ನು ನುಂಗುವುದೂ ಕಷ್ಟ. ಇವೆರಡೂ ಒಟ್ಟಿಗೆ ಬತ್ತಿದರೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಸ್ವೀಡನ್ ದೇಶದ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್.

ಅವರು ಹುಟ್ಟಿದ್ದು 1899ರ ಜುಲೈ 23ರಂದು. ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ವೈದ್ಯ ಶಿಕ್ಷಣ ಪಡೆದರು. ಅಲ್ಲಿ ಅವರ ಬಳಿಗೆ ಒಬ್ಬ ಮಹಿಳೆ ಬಂದರು. ಆಕೆಯ ಕಣ್ಣು ಒಣಗಿತ್ತು, ಬಾಯಿ ಒಣಗಿತ್ತು, ಕೀಲುಗಳೂ ನೋಯುತ್ತಿದ್ದವು. ಕಣ್ಣಿಗಷ್ಟೇ ಔಷಧ ಕೊಟ್ಟು ಕಳುಹಿಸಬಹುದಿತ್ತು. ಆದರೆ ಮೂರಕ್ಕೂ ಒಂದೇ ಕಾಯಿಲೆ ಕಾರಣವಿರಬಹುದೇ ಎಂದು ಶೋಗ್ರೆನ್ ಯೋಚಿಸಿದರು. ಇಂಥದೇ ತೊಂದರೆ ಇದ್ದ ಬೇರೆಯವರನ್ನೂ ಪರೀಕ್ಷಿಸಿದರು.

ಪರೀಕ್ಷೆ ಹೇಗೆ? ಕೆಳರೆಪ್ಪೆಗೆ ಹೀರುಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ, 5 ನಿಮಿಷದಲ್ಲಿ ಅದು ಎಷ್ಟು ಒದ್ದೆಯಾಗುತ್ತದೆ ಎಂದು ಅಳೆಯುವ ವಿಧಾನವನ್ನು ಜರ್ಮನಿಯ ಶಿರ್ಮರ್ ಎಂಬ ವೈದ್ಯರು 1903ರಲ್ಲೇ ತಿಳಿಸಿದ್ದರು. ಶೋಗ್ರೆನ್ ರೋಸ್ ಬೆಂಗಾಲ್ ಎಂಬ ಕೆಂಪು ಬಣ್ಣದ ದ್ರಾವಣವನ್ನೂ ಬಳಸಿದರು. ಒಣಗಿ ಹಾಳಾದ ಜಾಗ ಕೆಂಪಾಗಿ ಎದ್ದು ಕಾಣುತ್ತಿತ್ತು. (ಇವನ್ನು ವೈದ್ಯರೇ ಮಾಡಬೇಕು. ನೀವು ಮಾಡಬೇಡಿ!)

1933ರಲ್ಲಿ ಅವರು 19 ಮಹಿಳೆಯರ ಬಗ್ಗೆ ಮಹಾಪ್ರಬಂಧ ಬರೆದರು. ಅವರಲ್ಲಿ 13 ಮಂದಿಗೆ ಕೀಲುನೋವಿನ ಕಾಯಿಲೆಯೂ ಇತ್ತು. ಆದರೆ ಪ್ರಬಂಧಕ್ಕೆ ಒಳ್ಳೆಯ ದರ್ಜೆ ಸಿಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಬೋಧಕರಾಗುವ ದಾರಿ ಮುಚ್ಚಿತು. ಅವರು ಎದೆಗುಂದಲಿಲ್ಲ. ಯೋನ್‌ಶೋಪಿಂಗ್ ಎಂಬ ಊರಿನ ಆಸ್ಪತ್ರೆಗೆ ಹೋಗಿ ಕಣ್ಣಿನ ಚಿಕಿತ್ಸೆ ನೀಡುತ್ತಲೇ ಅಧ್ಯಯನ ಮುಂದುವರಿಸಿದರು.

ಪ್ರಬಂಧ ಜರ್ಮನ್ ಭಾಷೆಯಲ್ಲಿತ್ತು. 1943ರಲ್ಲಿ ಆಸ್ಟ್ರೇಲಿಯದ ವೈದ್ಯ ಬ್ರೂಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ಆಗ ಹೆಚ್ಚು ದೇಶಗಳ ವೈದ್ಯರ ಗಮನ ಅದರತ್ತ ಹರಿಯಿತು. ಕಾಯಿಲೆಗೆ ಶೋಗ್ರೆನ್ ಹೆಸರೇ ಬಂತು. 1961ರಲ್ಲಿ ಸ್ವೀಡನ್ ಸರ್ಕಾರ ಅವರಿಗೆ ಪ್ರಾಧ್ಯಾಪಕ ಎಂಬ ಗೌರವ ಪದವಿ ನೀಡಿತು. ಅವರು 1986ರಲ್ಲಿ ನಿಧನರಾದರು.

ಈ ಕಾಯಿಲೆಗೆ ಕಾರಣವೇನು? ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುವ ಕಾವಲುಗಾರರು. ಈ ಕಾಯಿಲೆಯಲ್ಲಿ ಅವು ದಾರಿತಪ್ಪಿ ನಮ್ಮದೇ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುತ್ತವೆ. ಕೆಲವರಲ್ಲಿ ಶ್ವಾಸಕೋಶ, ಮೂತ್ರಪಿಂಡ, ನರಗಳಿಗೂ ತೊಂದರೆಯಾಗುತ್ತದೆ. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಆದರೆ ಬೇಗ ಪತ್ತೆಯಾದರೆ ಕಣ್ಣು, ಹಲ್ಲುಗಳನ್ನು ಕಾಪಾಡಿಕೊಳ್ಳಲು ಸಾಧ್ಯ. ಬೇರೆ ಬೇರೆಯಾಗಿ ಕಂಡ ತೊಂದರೆಗಳನ್ನು ಶೋಗ್ರೆನ್ ಜೋಡಿಸಿ ನೋಡಿದ್ದು ಇದಕ್ಕೆ ನೆರವಾಯಿತು.

ಮಾಡಿ ನೋಡಿ: ನಿಮ್ಮ ಗೆಳೆಯ ಅಥವಾ ಗೆಳತಿ ಮಾತನಾಡುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ರೆಪ್ಪೆ ಬಡಿಯುತ್ತಾರೆ? ಓದುವಾಗ ಎಷ್ಟು ಸಲ? ಎಣಿಸಿ, ಬರೆದು, ಹೋಲಿಸಿ.