ಬೆಳಗಿನ ಮೈದಾನ: ಜೆಸ್ಸಿ ಓವೆನ್ಸ್

ಸುವರ್ಣ ಮಹೋತ್ಸವದ ಸಂಚಿಕೆಗೆ ಕ್ರೀಡೆಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ನಮ್ಮ ಶಾಲೆ ಗೆದ್ದ ಕಪ್ಪುಗಳ ಪಟ್ಟಿಯನ್ನೇ ಬರೆಯೋಣ ಎಂದುಕೊಂಡೆ. ಆದರೆ ಆ ಕಪ್ಪುಗಳು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಇದ್ದೇ ಇವೆ, ಯಾರು ಬೇಕಾದರೂ ನೋಡಬಹುದು. ನಾನು ಇಲ್ಲಿ ದೈಹಿಕ ಶಿಕ್ಷಕನಾಗಿದ್ದ ವರ್ಷಗಳಲ್ಲಿ, ಮಳೆ ಬಂದು ಮೈದಾನಕ್ಕೆ ಇಳಿಯಲಾಗದ ದಿನ ಮಕ್ಕಳಿಗೆ ಒಬ್ಬ ಓಟಗಾರನ ಕಥೆ ಹೇಳುತ್ತಿದ್ದೆ. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅದು ನೆನಪಿರಬಹುದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಗ ನಿಮಗೆ ಹೇಳದೆ ಉಳಿಸಿಕೊಂಡ ಒಂದು ಮಾತನ್ನೂ ಸೇರಿಸುತ್ತಿದ್ದೇನೆ.

ಜೆಸ್ಸಿ ಓವೆನ್ಸ್ ಹುಟ್ಟಿದ್ದು 1913ರ ಸೆಪ್ಟೆಂಬರ್ 12ರಂದು, ಅಮೆರಿಕದ ಅಲಬಾಮಾ ರಾಜ್ಯದ ಓಕ್‌ವಿಲ್ ಎಂಬ ಹಳ್ಳಿಯಲ್ಲಿ. ಅಜ್ಜನ ಕಾಲದವರು ಗುಲಾಮರಾಗಿದ್ದವರು. ತಂದೆ ಬೇರೆಯವರ ಜಮೀನನ್ನು ವಾರಕ್ಕೆ ಮಾಡಿ ಹತ್ತಿ ಬೆಳೆಯುತ್ತಿದ್ದರು. ಹತ್ತು ಮಕ್ಕಳಲ್ಲಿ ಈ ಹುಡುಗನೇ ಕೊನೆಯವನು. ಚಿಕ್ಕಂದಿನಲ್ಲಿ ಎದೆಯ ಕಾಯಿಲೆಯಿಂದ ಪದೇ ಪದೇ ನರಳಿದ. ಅವನಿಗೆ ಒಂಬತ್ತು ವರ್ಷವಾದಾಗ ಮನೆಯವರು ಕೂಲಿ ಹುಡುಕಿಕೊಂಡು ಉತ್ತರದ ಕ್ಲೀವ್‌ಲ್ಯಾಂಡ್ ನಗರಕ್ಕೆ ಗುಳೆ ಹೋದರು. ಅಲ್ಲಿಯ ಶಾಲೆಯಲ್ಲಿ ಹೆಸರು ಕೇಳಿದಾಗ ಹುಡುಗ ಮನೆಯಲ್ಲಿ ಕರೆಯುವಂತೆ ಜೆ.ಸಿ. ಎಂದ. ಅವನ ಹಳ್ಳಿಯ ಉಚ್ಚಾರಣೆ ಟೀಚರಿಗೆ ಜೆಸ್ಸಿ ಎಂದು ಕೇಳಿಸಿತು. ತಿದ್ದುವ ಧೈರ್ಯ ಅವನಿಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ತಪ್ಪಾಗಿ ಬಿದ್ದ ಆ ಹೆಸರೇ ಮುಂದೆ ಲೋಕಪ್ರಸಿದ್ಧವಾಯಿತು.

ಫೇರ್‌ಮೌಂಟ್ ಜೂನಿಯರ್ ಹೈಸ್ಕೂಲಿನಲ್ಲಿ ಚಾರ್ಲ್ಸ್ ರೈಲಿ ಎಂಬ ಬಿಳಿಯ ಮೇಷ್ಟ್ರು ವ್ಯಾಯಾಮ ಶಿಕ್ಷಕರಾಗಿದ್ದರು. ಹುಡುಗನ ಓಟ ನೋಡಿ ಅವರು ಅವನನ್ನು ತಂಡಕ್ಕೆ ಕರೆದರು. ಅಭ್ಯಾಸ ನಡೆಯುತ್ತಿದ್ದುದು ಶಾಲೆ ಬಿಟ್ಟ ಮೇಲೆ. ಆದರೆ ಶಾಲೆ ಬಿಟ್ಟ ಕೂಡಲೇ ಅವನು ಕೆಲಸಕ್ಕೆ ಹೋಗಬೇಕಿತ್ತು. ಚಪ್ಪಲಿ ರಿಪೇರಿ ಅಂಗಡಿಯಲ್ಲಿ ದುಡಿದ ಆ ಹಣ ಮನೆಗೆ ಬೇಕಿತ್ತು. ಕಾರಣ ತಿಳಿದ ರೈಲಿಯವರು ಅವನನ್ನು ಬಿಟ್ಟುಕೊಡಲಿಲ್ಲ. ಅವನೊಬ್ಬನಿಗಾಗಿ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವ ಮೊದಲೇ ಮೈದಾನಕ್ಕೆ ಬರತೊಡಗಿದರು. ಮನೆಗೆ ಕರೆದು ಊಟವನ್ನೂ ಹಾಕಿದರು. ಒಮ್ಮೆ ರೇಸ್ ಕುದುರೆಗಳನ್ನು ತೋರಿಸಲು ಕರೆದುಕೊಂಡು ಹೋದರು. ಕುದುರೆ ಓಡುವಾಗ ಮುಖ ಬಿಗಿಯುವುದಿಲ್ಲ, ಪಕ್ಕದವರನ್ನು ಹೆದರಿಸಲು ನೋಡುವುದಿಲ್ಲ, ತನ್ನ ಓಟದಲ್ಲಿ ತಾನಿರುತ್ತದೆ. ಅದನ್ನು ಅವನು ಕಣ್ಣಾರೆ ನೋಡಿ ಕಲಿಯಲಿ ಎಂಬುದು ಅವರ ಉದ್ದೇಶವಾಗಿತ್ತು.

ನಾನು ಹೇಳದೆ ಉಳಿಸಿಕೊಂಡ ಮಾತು ಇಲ್ಲಿ ಬರುತ್ತದೆ. ನಾನು ಈ ಶಾಲೆಗೆ ಬಂದ ಹೊಸತರಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಎಂಟುನೂರು ಮೀಟರ್ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದ. ಆದರೆ ಸಂಜೆಯ ಅಭ್ಯಾಸಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ಗಂಟೆ ಬಾರಿಸಿದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಶಿಸ್ತಿಲ್ಲದವನು ಎಂದು ಎಲ್ಲರೆದುರು ಬೈದು, ಹೋಬಳಿ ಕ್ರೀಡಾಕೂಟದ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದೆ. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದರು, ಸಂಜೆ ಹಸು ಕರೆದು ಡೈರಿಗೆ ಹಾಲು ಹಾಕಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅವನು ಎಸ್.ಎಸ್.ಎಲ್.ಸಿ. ಮುಗಿಸಿ ಹೋದ ಮೇಲೆ. ರೈಲಿಯವರ ವಿಷಯ ಓದಿದ್ದೂ ಆಮೇಲೆಯೇ. ಆ ವರ್ಷದಿಂದ ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮುಂಚೆಯೂ ಅಭ್ಯಾಸ ಶುರುವಾಯಿತು. ಅದು ಏಕೆ ಶುರುವಾಯಿತೆಂದು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಜೆಸ್ಸಿ ಮುಂದೆ ಈಸ್ಟ್ ಟೆಕ್ನಿಕಲ್ ಹೈಸ್ಕೂಲಿಗೆ ಸೇರಿದ. 1932ರ ಒಲಿಂಪಿಕ್ಸ್ ಆಯ್ಕೆಯಲ್ಲಿ ಸೋತ. ಮರುವರ್ಷ ಷಿಕಾಗೋದಲ್ಲಿ ನಡೆದ ಹೈಸ್ಕೂಲುಗಳ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ನೂರು ಗಜವನ್ನು 9.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದಾಗ ಕಪ್ಪು ವರ್ಣದವರೆಂದು ಓವೆನ್ಸ್ ಅವರಿಗೆ ಆವರಣದೊಳಗೆ ವಾಸಕ್ಕೆ ಅವಕಾಶವಿರಲಿಲ್ಲ. ವಿದ್ಯಾರ್ಥಿವೇತನವೂ ಇರಲಿಲ್ಲ. ಸರಕು ಸಾಗಿಸುವ ಲಿಫ್ಟ್ ನಡೆಸಿ ಓದಿನ ಖರ್ಚು ನೋಡಿಕೊಂಡರು. 1935ರ ಮೇ 25ರಂದು ಆನ್ ಆರ್ಬರ್ ಎಂಬಲ್ಲಿ ಬೆನ್ನುನೋವಿನಲ್ಲೇ ಮೈದಾನಕ್ಕಿಳಿದು, ಸುಮಾರು ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆ ಮುರಿದು ಇನ್ನೊಂದನ್ನು ಸರಿಗಟ್ಟಿದರು. ಅಂದು ಅವರು ಹಾರಿದ 8.13 ಮೀಟರ್ ಉದ್ದಜಿಗಿತವನ್ನು ಇಪ್ಪತ್ತೈದು ವರ್ಷ ಯಾರೂ ಮೀರಲಾಗಲಿಲ್ಲ.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್. ತಮ್ಮ ಜನಾಂಗವೇ ಶ್ರೇಷ್ಠವೆಂದು ಸಾರುತ್ತಿದ್ದ ನಾಜಿಗಳ ರಾಜಧಾನಿಯಲ್ಲಿ ಓವೆನ್ಸ್ ನೂರು ಮೀಟರ್, ಇನ್ನೂರು ಮೀಟರ್, ಉದ್ದಜಿಗಿತ, ರಿಲೇ ಹೀಗೆ ನಾಲ್ಕು ಚಿನ್ನ ಗೆದ್ದರು. ಉದ್ದಜಿಗಿತದಲ್ಲಿ ಎರಡನೆಯವನಾದ ಜರ್ಮನಿಯ ಲುಟ್ಸ್ ಲಾಂಗ್ ತನ್ನ ದೇಶದವರೆಲ್ಲ ನೋಡುತ್ತಿರುವಾಗಲೇ ಓಡಿಬಂದು ಅವರನ್ನು ಅಭಿನಂದಿಸಿದ. ಆ ಸ್ನೇಹ ಮುಂದೆಯೂ ಉಳಿಯಿತು. ಯುದ್ಧದಲ್ಲಿ 1943ರಲ್ಲಿ ಲಾಂಗ್ ಸತ್ತ ಮೇಲೂ ಅವನ ಮನೆಯವರ ಜೊತೆ ಓವೆನ್ಸ್ ಸಂಬಂಧ ಇಟ್ಟುಕೊಂಡರು.

ಮಕ್ಕಳಿಗೆ ಕಥೆ ಹೇಳುವಾಗ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ. ಮುಂದಿನದು ದೊಡ್ಡವರು ತಿಳಿಯಬೇಕಾದದ್ದು. ಊರಿಗೆ ಮರಳಿದ ಮೇಲೆ ನ್ಯೂಯಾರ್ಕಿನಲ್ಲಿ ಮೆರವಣಿಗೆಯೇನೋ ಆಯಿತು. ಆದರೆ ಸನ್ಮಾನ ನಡೆದ ದೊಡ್ಡ ಹೋಟೆಲಿನಲ್ಲಿ ಮೇಲೆ ಹೋಗಲು ಅವರಿಗೆ ಸಿಕ್ಕಿದ್ದು ಹಿಂದೆ ತಾವು ನಡೆಸುತ್ತಿದ್ದಂಥದೇ ಸರಕಿನ ಲಿಫ್ಟ್. ಪದಕಗಳಿಂದ ಹೊಟ್ಟೆ ತುಂಬಲಿಲ್ಲ. ಹಣಕ್ಕಾಗಿ ಕುದುರೆಗಳ ಎದುರು ಪಂದ್ಯ ಓಡಿದರು. ಕುದುರೆಯಿಂದ ಕಲಿಯಲು ಹೋಗಿದ್ದ ಹುಡುಗ ಕುದುರೆಯ ಜೊತೆಗೇ ಓಡಿ ಹೆಂಡತಿ ಮಕ್ಕಳನ್ನು ಸಾಕುವಂತಾಯಿತು. ಬಟ್ಟೆ ಒಗೆಯುವ ಅಂಗಡಿ ಇಟ್ಟು ದಿವಾಳಿಯಾದರು. 1966ರಲ್ಲಿ ತೆರಿಗೆ ವಿಷಯದಲ್ಲಿ ತಪ್ಪಿತಸ್ಥರಾಗಿ ದಂಡ ಕಟ್ಟಿದರು. ಆಟ ಮನುಷ್ಯನನ್ನು ದೇವರಾಗಿಸುವುದಿಲ್ಲ. ಬಿದ್ದಾಗ ಮತ್ತೆ ಏಳುವುದನ್ನು ಮಾತ್ರ ಕಲಿಸುತ್ತದೆ. ಓವೆನ್ಸ್ ಪ್ರತಿ ಸಲವೂ ಎದ್ದರು. ಷಿಕಾಗೋದಲ್ಲಿ ಬಡ ಮಕ್ಕಳ ಕ್ರೀಡೆಗಾಗಿ ಬಹಳ ವರ್ಷ ದುಡಿದರು. 1955ರಲ್ಲಿ ಅಮೆರಿಕ ಸರ್ಕಾರದ ಕ್ರೀಡಾ ರಾಯಭಾರಿಯಾಗಿ ನಮ್ಮ ಭಾರತಕ್ಕೂ ಬಂದಿದ್ದರು. 1976ರಲ್ಲಿ ಅವರ ದೇಶ ಅತ್ಯುನ್ನತ ನಾಗರಿಕ ಗೌರವ ನೀಡಿತು. ಬಹುಕಾಲದಿಂದ ಧೂಮಪಾನದ ಚಟವಿದ್ದ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ 1980ರ ಮಾರ್ಚ್ 31ರಂದು ತೀರಿಕೊಂಡರು. ಕ್ರೀಡಾಪಟುವಾದರೂ ದೇಹ ಈ ಚಟವನ್ನು ಕ್ಷಮಿಸಲಿಲ್ಲ ಎಂಬುದನ್ನು ನಮ್ಮ ಊರಿನ ಹುಡುಗರು ಗಮನಿಸಬೇಕು.

ಬರ್ಲಿನ್‌ನಲ್ಲಿ ಚಿನ್ನ ಗೆದ್ದವರಿಗೆಲ್ಲ ಪದಕದ ಜೊತೆ ಒಂದೊಂದು ಓಕ್ ಸಸಿ ಕೊಟ್ಟಿದ್ದರು. ಓವೆನ್ಸ್ ಅವರದೊಂದನ್ನು ಕ್ಲೀವ್‌ಲ್ಯಾಂಡಿನ ಒಂದು ಹೈಸ್ಕೂಲಿನ ಬಳಿ ನೆಟ್ಟರು. ಅದು ದೊಡ್ಡ ಮರವಾಯಿತು.

ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಶಿಕ್ಷಕರಲ್ಲಿ ನನ್ನ ವಿನಂತಿ ಎರಡೇ. ಪರೀಕ್ಷೆ ಹತ್ತಿರ ಬಂತೆಂದು ಆಟದ ಪೀರಿಯಡ್ಡನ್ನು ಗಣಿತಕ್ಕೆ, ವಿಜ್ಞಾನಕ್ಕೆ ಕೊಡಬೇಡಿ. ಮೈದಾನಕ್ಕೆ ಬಾರದ ಮಗುವಿನ ಹೆಸರು ಹೊಡೆಯುವ ಮುನ್ನ ಏಕೆ ಬರಲಿಲ್ಲವೆಂದು ಒಮ್ಮೆ ಕೇಳಿ. ಗ್ರಾಮಸ್ಥರು ಮೈದಾನವನ್ನು ಒತ್ತುವರಿಯಾಗದಂತೆ ಕಾಯಿರಿ.

ಹಾಲು ಹಾಕಲು ಓಡುತ್ತಿದ್ದ ಆ ಹುಡುಗ ಈಗ ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವನಾಗಿರಬೇಕು. ಈ ಸಂಚಿಕೆ ಅವನ ಕೈಗೆ ಸಿಕ್ಕಿದರೆ, ಮಹೋತ್ಸವದ ದಿನ ಬರಲಿ. ಬೆಳಿಗ್ಗೆ ಗಂಟೆ ಬಾರಿಸುವ ಮೊದಲೇ ನಾನು ಮೈದಾನದಲ್ಲಿರುತ್ತೇನೆ.