ಗಡಿಯಾರ ಹಿಡಿದು ದೇವರಿಗೆ ಸವಾಲು ಹಾಕಿದ ನಾಸ್ತಿಕ: ಚಾರ್ಲ್ಸ್ ಬ್ರಾಡ್ಲಾ ಕಥೆಯಲ್ಲಿ ನಿಜವೆಷ್ಟು?

ನಾಸ್ತಿಕರ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಸುತ್ತುತ್ತಲೇ ಇರುತ್ತವೆ. ನಾಸ್ತಿಕತೆ ಮುಗಿದೇ ಹೋಯಿತು, ಜಗತ್ತೆಲ್ಲ ಮತ್ತೆ ದೇವರ ಕಡೆ ತಿರುಗಿದೆ ಎನ್ನುತ್ತದೆ ಒಂದು. ಇನ್ನು ಕೆಲವೇ ವರ್ಷಗಳಲ್ಲಿ ಧರ್ಮಗಳೇ ಉಳಿಯುವುದಿಲ್ಲ ಎನ್ನುತ್ತದೆ ಇನ್ನೊಂದು. ಇವುಗಳ ಜೊತೆಗೆ ಒಂದು ಕಥೆಯೂ ಬರುತ್ತದೆ. ಒಬ್ಬ ನಾಸ್ತಿಕ ಸಭೆಯಲ್ಲಿ ಗಡಿಯಾರ ಹೊರತೆಗೆದು, ದೇವರಿದ್ದರೆ ಐದು ನಿಮಿಷದೊಳಗೆ ತನ್ನನ್ನು ಸಾಯಿಸಲಿ ಎಂದನಂತೆ. ಕೊನೆಗಾಲದಲ್ಲಿ ಮಾತ್ರ ಪಶ್ಚಾತ್ತಾಪ ಪಟ್ಟು ಪ್ರಾರ್ಥನೆ ಮಾಡಿದನಂತೆ.

ಈ ಕಥೆಗೆ 150 ವರ್ಷ ವಯಸ್ಸಾಗಿದೆ. ಅದನ್ನು ಅತಿ ಹೆಚ್ಚು ಅಂಟಿಸಿದ್ದು ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ ಎಂಬವರಿಗೆ. ಅವರ ಬದುಕನ್ನು ಒಮ್ಮೆ ನೋಡೋಣ. ನಾಸ್ತಿಕರು ಹೆಚ್ಚುತ್ತಿದ್ದಾರೋ ಕಡಿಮೆಯಾಗುತ್ತಿದ್ದಾರೋ ಎಂಬ ಪ್ರಶ್ನೆಗೂ ಅಲ್ಲಿ ಒಂದು ಸುಳಿವು ಸಿಗುತ್ತದೆ.

ಪ್ರಶ್ನೆ ಕೇಳಿದ್ದಕ್ಕೆ ಮನೆ ಬಿಟ್ಟ ಹುಡುಗ

ಬ್ರಾಡ್ಲಾ ಹುಟ್ಟಿದ್ದು 1833ರ ಸೆಪ್ಟೆಂಬರ್ 26ರಂದು, ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ. ತಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತರು. ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟ ಹುಡುಗ ಕೆಲಸಕ್ಕೆ ಸೇರಿದ. ಭಾನುವಾರಗಳಂದು ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದ.

ಅಲ್ಲೇ ತೊಂದರೆ ಶುರುವಾಯಿತು. ಪಾಠಕ್ಕೆಂದು ಓದುವಾಗ, ಚರ್ಚ್ ಬೋಧಿಸುವ ತತ್ವಗಳಿಗೂ ಬೈಬಲ್ಲಿನಲ್ಲಿ ಬರೆದಿರುವುದಕ್ಕೂ ಕೆಲವೆಡೆ ತಾಳೆಯಾಗುತ್ತಿಲ್ಲ ಅನ್ನಿಸಿತು. ವಿವರಿಸಿ ಎಂದು ಪಾದ್ರಿಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಈ ಹುಡುಗ ನಾಸ್ತಿಕನಾಗುತ್ತಿದ್ದಾನೆ ಎಂಬ ದೂರು ಮಾತ್ರ ತಂದೆಯ ಕೈ ಸೇರಿತು, ಪಾಠ ಹೇಳುವುದೂ ನಿಂತಿತು. ಆ ಹೊತ್ತಿಗೆ ಅವನು ನಾಸ್ತಿಕನೇ ಆಗಿರಲಿಲ್ಲ. ಜಗಳ ಬೆಳೆದು, ಹದಿಹರೆಯ ಮುಗಿಯುವ ಮೊದಲೇ ಮನೆಯನ್ನೂ ಕೆಲಸವನ್ನೂ ಬಿಡಬೇಕಾಯಿತು.

ಹೊಟ್ಟೆಪಾಡಿಗೆ ಕಲ್ಲಿದ್ದಲು ಮಾರಿದರು, ಸಾಲ ಮಾಡಿದರು, ಸಾಲ ತೀರಿಸಲು 1850ರಲ್ಲಿ ಸೈನ್ಯ ಸೇರಿದರು. ಮೂರು ವರ್ಷ ಐರ್ಲೆಂಡಿನಲ್ಲಿದ್ದು, ಹಿರಿಯ ಸಂಬಂಧಿಯೊಬ್ಬರು ಬಿಟ್ಟುಹೋದ ಹಣ ಕೈಗೆ ಬಂದಾಗ ಬಿಡುಗಡೆ ಪಡೆದರು. ಆಮೇಲೆ ಹಗಲು ವಕೀಲರ ಗುಮಾಸ್ತ, ಸಂಜೆ ಭಾಷಣಕಾರ. ಕೆಲಸ ಕೊಟ್ಟವರಿಗೆ ತೊಂದರೆಯಾಗಬಾರದೆಂದು ಬೇರೆ ಹೆಸರಿನಲ್ಲಿ ಭಾಷಣ ಮಾಡುತ್ತಿದ್ದರು. 1866ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸೊಸೈಟಿ ಸ್ಥಾಪಿಸಿದರು. ಅದು ಇಂದಿಗೂ ಇದೆ.

ಗಡಿಯಾರದ ಕಥೆ ನಿಜವೇ?

ಇಲ್ಲ. ಇಂಥ ಸವಾಲು ತಾನು ಎಂದೂ ಹಾಕಿಲ್ಲ ಎಂದು ಬ್ರಾಡ್ಲಾ ಮತ್ತೆ ಮತ್ತೆ ಹೇಳಿದರು. ಕಥೆ ಹೇಳುವವರ ಬಾಯಲ್ಲಿ ಊರು ಬದಲಾಗುತ್ತಿತ್ತು, ವರ್ಷ ಬದಲಾಗುತ್ತಿತ್ತು, ಗಡಿಯಾರ ಮಾತ್ರ ಹಾಗೇ ಇರುತ್ತಿತ್ತು. ಅಮೆರಿಕದ ನಾಸ್ತಿಕ ಭಾಷಣಕಾರ ಇಂಗರ್‌ಸಾಲ್ ಬಗ್ಗೆಯೂ ಇದೇ ಕಥೆ ಹಬ್ಬಿತ್ತು.

ಅವರ ವಿಚಾರಕ್ಕೂ ಈ ಕಥೆ ಹೊಂದುವುದಿಲ್ಲ. ದೇವರಿಲ್ಲ ಎಂದು ಸಾಧಿಸುತ್ತೇನೆ ಎಂದು ಅವರು ಹೊರಟವರಲ್ಲ. ದೇವರು ಎಂಬ ಪದಕ್ಕೆ ಜನ ಕೊಡುವ ಅರ್ಥ ತನಗೆ ಸ್ಪಷ್ಟವಾಗುತ್ತಿಲ್ಲ, ಅರ್ಥವೇ ತಿಳಿಯದ್ದನ್ನು ಇಲ್ಲ ಎನ್ನಲೂ ಆಗದು ಎಂಬುದು ಅವರ ನಿಲುವು. ಹಾಗೆ ಹೇಳುವವರು ಆಕಾಶಕ್ಕೆ ಮುಖ ಮಾಡಿ ಐದು ನಿಮಿಷದ ಗಡುವು ಕೊಡುತ್ತಾರೆಯೇ?

ಇದರಲ್ಲೊಂದು ತಮಾಷೆಯೂ ಇದೆ. ನಾಟಕಕಾರ ಬರ್ನಾರ್ಡ್ ಷಾ ತರುಣರಾಗಿದ್ದಾಗ ಒಂದು ಕೂಟದಲ್ಲಿ ಈ ಕಥೆಯ ಬಗ್ಗೆ ವಾದ ನಡೆಯಿತು. ಷಾ ತಮ್ಮ ಗಡಿಯಾರವನ್ನೇ ಹೊರತೆಗೆದು, ಪರೀಕ್ಷೆ ಮಾಡಿಯೇ ಬಿಡೋಣ ಎಂದರು. ಕೂಟದವರೆಲ್ಲ ಗಾಬರಿಯಾದರು. ಹೀಗಾಗಿ ಗಡಿಯಾರ ತೆಗೆದದ್ದಕ್ಕೆ ದಾಖಲೆ ಇರುವುದು ಬ್ರಾಡ್ಲಾ ಹೆಸರಿನಲ್ಲಿ ಅಲ್ಲ, ಷಾ ಹೆಸರಿನಲ್ಲಿ!

ಗೆದ್ದರೂ ಒಳಗೆ ಬಿಡದ ಸಂಸತ್ತು

ಆ ಕಾಲದ ಇಂಗ್ಲೆಂಡಿನಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ಬರಿಯ ಸಂಪ್ರದಾಯವಾಗಿರಲಿಲ್ಲ. 1860ರ ದಶಕದಲ್ಲಿ ತನಗೆ ಬರಬೇಕಿದ್ದ ಹಣಕ್ಕಾಗಿ ಬ್ರಾಡ್ಲಾ ಹೂಡಿದ ಮೊಕದ್ದಮೆಯಲ್ಲಿ, ನಾಸ್ತಿಕ ಎಂಬ ಕಾರಣಕ್ಕೆ ಅವರ ಸಾಕ್ಷ್ಯವನ್ನೇ ತೆಗೆದುಕೊಳ್ಳಲಿಲ್ಲ. ಅಂದರೆ ನಾಸ್ತಿಕನಿಗೆ ಯಾರಾದರೂ ಮೋಸ ಮಾಡಿದರೆ, ಅದನ್ನು ನ್ಯಾಯಾಲಯದಲ್ಲಿ ನಿಂತು ಹೇಳುವ ಹಕ್ಕೂ ಅವನಿಗೆ ಇರಲಿಲ್ಲ. ಕಾನೂನು ಬದಲಾದದ್ದು 1869ರಲ್ಲಿ.

ಸಂಸತ್ತಿನ ಹೋರಾಟ ಇನ್ನೂ ದೊಡ್ಡದು. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಗೆದ್ದ ಬ್ರಾಡ್ಲಾ, ದೇವರ ಹೆಸರಿನ ಪ್ರಮಾಣದ ಬದಲು ಬರಿಯ ದೃಢೀಕರಣ ಮಾಡಲು ಅವಕಾಶ ಕೇಳಿದರು. ಒಪ್ಪಲಿಲ್ಲ. ಹಾಗಿದ್ದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದರು. ನಂಬಿಕೆಯಿಲ್ಲದವನ ಪ್ರಮಾಣಕ್ಕೆ ಬೆಲೆಯಿಲ್ಲ ಎಂದು ಅದನ್ನೂ ಒಪ್ಪಲಿಲ್ಲ. ಹೊರಗೆ ಹೋಗಲು ನಿರಾಕರಿಸಿದಾಗ, ಬಿಗ್ ಬೆನ್ ಗಂಟೆ ಇರುವ ಗೋಪುರದಲ್ಲಿ ಒಂದು ರಾತ್ರಿ ಬಂಧನದಲ್ಲಿಟ್ಟರು. 1881ರ ಆಗಸ್ಟ್‌ನಲ್ಲಿ ಪೊಲೀಸರು ಅವರನ್ನು ಎಳೆದು ಹೊರಹಾಕಿದರು.

ಪ್ರತಿ ಬಾರಿ ಸ್ಥಾನ ಖಾಲಿಯಾದಾಗಲೂ ನಾರ್ಥಾಂಪ್ಟನ್ ಮತದಾರರು ಅವರನ್ನೇ ಮತ್ತೆ ಗೆಲ್ಲಿಸಿದರು. 1881, 1882, 1884ರ ಉಪಚುನಾವಣೆ, 1885ರ ಸಾರ್ವತ್ರಿಕ ಚುನಾವಣೆ, ಎಲ್ಲದರಲ್ಲೂ ಗೆಲುವು. ಅವರಿಗೆ ಮತ ಹಾಕಿದವರೆಲ್ಲ ನಾಸ್ತಿಕರೇನಲ್ಲ. ಪ್ರಧಾನಿ ಗ್ಲಾಡ್‌ಸ್ಟನ್ ದೊಡ್ಡ ದೈವಭಕ್ತರು. ಆದರೂ ನಾಸ್ತಿಕರಿಗೆ ಸಂಸತ್ತಿನ ಬಾಗಿಲು ತೆರೆಯುವ ಮಸೂದೆಯ ಪರವಾಗಿ 1883ರಲ್ಲಿ ಮಾತನಾಡಿದರು. ಅದು ಮೂರೇ ಮೂರು ಮತಗಳಿಂದ ಸೋತಿತು. ಕೊನೆಗೆ 1886ರಲ್ಲಿ ಹೊಸ ಸ್ಪೀಕರ್ ಯಾರ ಆಕ್ಷೇಪವನ್ನೂ ಕೇಳದೆ ಬ್ರಾಡ್ಲಾಗೆ ಪ್ರಮಾಣ ಮಾಡಲು ಬಿಟ್ಟರು. ಎರಡು ವರ್ಷಗಳ ನಂತರ, 1888ರಲ್ಲಿ, ದೃಢೀಕರಣದ ಹಕ್ಕನ್ನು ಎಲ್ಲರಿಗೂ ಕೊಡುವ ಕಾಯಿದೆಯನ್ನು ಅವರೇ ಮಾಡಿಸಿದರು.

ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲೂ ಈ ಆಯ್ಕೆ ಇದೆ. ಸಂಸದರಾಗಲಿ ಸಚಿವರಾಗಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಬರಿಯ ದೃಢೀಕರಣ ಮಾಡಬಹುದು.

ಭಾರತದ ಜೊತೆಗಿನ ನಂಟು

ಸಂಸತ್ತಿನಲ್ಲಿ ಭಾರತದ ಪರವಾಗಿ ಎಷ್ಟು ಮಾತನಾಡಿದರೆಂದರೆ, ಬ್ರಾಡ್ಲಾ ಅವರನ್ನು ಭಾರತದ ಸಂಸದ ಎಂದೇ ಜನ ಕರೆಯತೊಡಗಿದರು. 1889ರ ಕೊನೆಯಲ್ಲಿ, ಕಾಯಿಲೆಯಿಂದ ಎದ್ದವರೇ ಹಡಗು ಹತ್ತಿ ಬಂದು ಮುಂಬಯಿಯ ಕಾಂಗ್ರೆಸ್ ಅಧಿವೇಶನದಲ್ಲಿ ಭಾಗವಹಿಸಿದರು.

ಅವರ ಬಹುಕಾಲದ ಒಡನಾಡಿ ಆ್ಯನಿ ಬೆಸೆಂಟ್. ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿದ್ದಕ್ಕೆ 1877ರಲ್ಲಿ ಇಬ್ಬರೂ ಒಟ್ಟಿಗೆ ವಿಚಾರಣೆ ಎದುರಿಸಿದ್ದರು. ಬೆಸೆಂಟ್ 1889ರಲ್ಲಿ ನಾಸ್ತಿಕತೆ ಬಿಟ್ಟು ಥಿಯಾಸಫಿ ಸೇರಿದರು, ಮುಂದೆ ಭಾರತಕ್ಕೆ ಬಂದರು. ಆದ್ದರಿಂದ ನಾಸ್ತಿಕರು ಮನಸ್ಸು ಬದಲಿಸುವುದೇ ಇಲ್ಲ ಎನ್ನಲಾಗದು. ಬೆಸೆಂಟ್ ಬದಲಾದರು, ಅದನ್ನು ತಾವೇ ಬಹಿರಂಗವಾಗಿ ಹೇಳಿಕೊಂಡರು. ಬ್ರಾಡ್ಲಾ ಬದಲಾಗಲಿಲ್ಲ.

ಸಾಯುವಾಗ ಪ್ರಾರ್ಥಿಸಿದರೇ?

1891ರ ಜನವರಿ 27ರಂದು, ಬ್ರಾಡ್ಲಾ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಅವರನ್ನು ಹೊರಗಿಟ್ಟ ಹಳೆಯ ನಿರ್ಣಯವನ್ನು ಸಂಸತ್ತು ತನ್ನ ದಾಖಲೆಯಿಂದ ಅಳಿಸಿಹಾಕಿತು. ಆ ಸುದ್ದಿ ಅವರಿಗೆ ತಲುಪಲೇ ಇಲ್ಲ. 30ರಂದು ತೀರಿಕೊಂಡರು.

ಮುಂದೆ ಏನು ಹಬ್ಬುತ್ತದೆ ಎಂಬುದು ಮಗಳು ಹೈಪೇಷಿಯಾಗೆ ಗೊತ್ತಿತ್ತು. ಕೊನೆಯ ದಿನಗಳಲ್ಲಿ ತಂದೆ ಧರ್ಮದ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ ಎಂದು ಶುಶ್ರೂಷೆ ಮಾಡಿದವರಿಂದ ಸಹಿ ಹಾಕಿಸಿ ಬರೆಸಿಕೊಂಡರು. ಕೊನೆಯ ರಾತ್ರಿ ಮಗಳ ಕಿವಿಗೆ ಬಿದ್ದದ್ದು ಭಾರತದ ಪ್ರಯಾಣದ ನೆನಪಿನ ಮಾತುಗಳು. ಇಷ್ಟಾದರೂ ಗಾಳಿಸುದ್ದಿ ನಿಲ್ಲಲಿಲ್ಲ. ಅದನ್ನು ಅಲ್ಲಗಳೆಯುವುದರಲ್ಲೇ ಅವರು ಎಷ್ಟೋ ವರ್ಷ ಕಳೆಯಬೇಕಾಯಿತು.

ಬ್ರೂಕ್‌ವುಡ್ ಸ್ಮಶಾನದಲ್ಲಿ ನಡೆದ ಅಂತ್ಯಕ್ರಿಯೆಗೆ ಲಂಡನ್ನಿನಲ್ಲಿದ್ದ ಭಾರತೀಯರು ಗುಂಪಾಗಿ ಹೋಗಿದ್ದರು. ಅವರಲ್ಲಿ ಕಾನೂನು ಓದುತ್ತಿದ್ದ 21 ವರ್ಷದ ಮೋಹನದಾಸ ಗಾಂಧಿಯೂ ಇದ್ದರು.

ಹಾಗಾದರೆ ನಾಸ್ತಿಕರು ಹೆಚ್ಚುತ್ತಿದ್ದಾರೆಯೇ?

ಎರಡೂ ಫಾರ್ವರ್ಡ್‌ಗಳು ಅರ್ಧ ಸತ್ಯ ಹೇಳುತ್ತವೆ. ಬ್ರಾಡ್ಲಾ ಅವರ ನಾಡಿನಲ್ಲೇ, ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ಧರ್ಮವಿಲ್ಲ ಎಂದವರು 2001ರಲ್ಲಿ 14.8%, 2011ರಲ್ಲಿ 25.2%, 2021ರಲ್ಲಿ 37.2%. ಏರಿಕೆ ಸ್ಪಷ್ಟ. ಆದರೆ ಧರ್ಮವಿಲ್ಲ ಎಂದವರೆಲ್ಲ ನಾಸ್ತಿಕರಲ್ಲ. ದೇವರನ್ನು ನಂಬಿಯೂ ಯಾವ ಧರ್ಮಕ್ಕೂ ಸೇರದವರು ಅದರಲ್ಲಿದ್ದಾರೆ.

ಜಗತ್ತಿನ ಲೆಕ್ಕವೇ ಬೇರೆ. ಧರ್ಮವಿಲ್ಲದವರ ಪಾಲು 2050ರ ಹೊತ್ತಿಗೆ 16%ರಿಂದ 13%ಕ್ಕೆ ಇಳಿಯಬಹುದು ಎಂದು ಪ್ಯೂ ಸಂಶೋಧನಾ ಕೇಂದ್ರ 2015ರಲ್ಲಿ ಅಂದಾಜಿಸಿತ್ತು. ಜನ ಭಕ್ತರಾಗುತ್ತಾರೆ ಎಂಬುದು ಅದಕ್ಕೆ ಮುಖ್ಯ ಕಾರಣವಲ್ಲ. ಧರ್ಮವಿಲ್ಲ ಎನ್ನುವವರಲ್ಲಿ ವಯಸ್ಸಾದವರು ಹೆಚ್ಚು, ಹುಟ್ಟುವ ಮಕ್ಕಳು ಕಡಿಮೆ. ಅದೇ ಕೇಂದ್ರ ಚೀನಾದ ಲೆಕ್ಕ ಹಾಕುವ ವಿಧಾನವನ್ನು ಬದಲಿಸಿ 2025ರಲ್ಲಿ ಮತ್ತೆ ಎಣಿಸಿದಾಗ, 2020ರಲ್ಲಿ ಈ ಪಾಲು ಸುಮಾರು 24% ಎಂದು ಬಂತು. ಎಣಿಸುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆ. ನಮ್ಮಲ್ಲಿ 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು 0.24%. ಅವರನ್ನೂ ನಾಸ್ತಿಕರು ಎಂದು ಲೆಕ್ಕ ಹಿಡಿಯುವಂತಿಲ್ಲ.

ಬ್ರಾಡ್ಲಾ ಬದುಕು ಕೊಡುವ ಸುಳಿವು ಇಲ್ಲಿದೆ. ನಾಸ್ತಿಕ ಎಂದು ಹೇಳಿಕೊಂಡರೆ ಮನೆ, ಕೆಲಸ, ಸಾಕ್ಷ್ಯ ಹೇಳುವ ಹಕ್ಕು, ಗೆದ್ದ ಸ್ಥಾನ ಎಲ್ಲವೂ ಹೋಗುವ ಕಾಲದಲ್ಲಿ ಎಷ್ಟು ಜನ ಬಾಯಿ ಬಿಟ್ಟಾರು? ಎಣಿಕೆಗೆ ಸಿಗುವುದು ಹೇಳಿಕೊಂಡವರು ಮಾತ್ರ. ಅಂಕಿ ಏರಿದಾಗ ನಂಬಿಕೆ ಕುಸಿಯಿತು ಎಂದುಕೊಳ್ಳುವ ಮೊದಲು, ಹೇಳಿಕೊಳ್ಳುವ ಭಯ ಎಷ್ಟು ಕಡಿಮೆಯಾಗಿದೆ ಎಂದೂ ಕೇಳಬೇಕು. ಅಂಕಿ ಶೂನ್ಯದ ಹತ್ತಿರವಿದ್ದರೂ ಅದೇ ಪ್ರಶ್ನೆ ಕೇಳಬೇಕು.

ನೀವು ಆಸ್ತಿಕರಾಗಿರಿ, ನಾಸ್ತಿಕರಾಗಿರಿ, ಅದು ನಿಮ್ಮ ಆಯ್ಕೆ. ಗಡಿಯಾರದ ಕಥೆ ಮಾತ್ರ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಸತ್ತವರು ಎದ್ದುಬಂದು ಸುಳ್ಳು ಎನ್ನಲಾರರು. ಅವರ ಪರವಾಗಿ ಅದನ್ನು ಅಲ್ಲೇ ನಿಲ್ಲಿಸುವುದು ನಮ್ಮಿಂದ ಆಗುವ ಕೆಲಸ.